ಬೆಳಗಾವಿ–ಖಾನಾಪುರದ ತರಗತಿಗಳಲ್ಲಿ ಶೈಕ್ಷಣಿಕ ತಂತ್ರಾಂಶ

ಪಠ್ಯದ ವಿಷಯವನ್ನು ಚಿತ್ರ, ಧ್ವನಿ ಮತ್ತು ಪ್ರಶ್ನೋತ್ತರಗಳ ರೂಪದಲ್ಲಿ ಕಂಪ್ಯೂಟರಿನ ಮೂಲಕ ಕಲಿಸುವ ಸಾಧನವೇ ಶೈಕ್ಷಣಿಕ ತಂತ್ರಾಂಶ. ಭಾರತದ ಶಾಲೆಗಳಿಗೆ ಅದನ್ನು ವ್ಯವಸ್ಥಿತವಾಗಿ ಪರಿಚಯಿಸಿದ ಮೊದಲ ಪ್ರಯತ್ನವೆಂದರೆ ಕೇಂದ್ರ ಸರ್ಕಾರವು 1984ರಲ್ಲಿ ಬ್ರಿಟನ್ನಿನ ಬಿಬಿಸಿ ಮೈಕ್ರೋ ಕಂಪ್ಯೂಟರುಗಳೊಂದಿಗೆ ಆರಂಭಿಸಿದ ‘ಕ್ಲಾಸ್’ ಯೋಜನೆ. ಆ ಯಂತ್ರದ ವ್ಯವಹಾರವೆಲ್ಲ ಇಂಗ್ಲಿಷಿನಲ್ಲಿದ್ದುದರಿಂದ, ಕನ್ನಡ, ಮರಾಠಿ, ಉರ್ದು ಮಾಧ್ಯಮಗಳ ಸರ್ಕಾರಿ ಶಾಲೆಗಳು ಅಕ್ಕಪಕ್ಕದಲ್ಲೇ ನಡೆಯುವ ಬೆಳಗಾವಿ ಮತ್ತು ಖಾನಾಪುರದಂತಹ ಗಡಿ ಪ್ರದೇಶಕ್ಕೆ ಈ ಇತಿಹಾಸವು ಮೊದಲಿನಿಂದಲೂ ಭಾಷೆಯ ಪ್ರಶ್ನೆಯೊಂದಿಗೆ ಹೆಣೆದುಕೊಂಡಿದೆ.

ರಾಜ್ಯ ಸರ್ಕಾರವು 2001ರ ಸುಮಾರಿಗೆ ಒಂದು ಸಾವಿರ ಸರ್ಕಾರಿ ಪ್ರೌಢಶಾಲೆಗಳನ್ನು ಗುರಿಯಾಗಿಸಿ ‘ಮಾಹಿತಿ ಸಿಂಧು’ ಯೋಜನೆಯನ್ನು ಕೈಗೊಂಡಾಗ ಒತ್ತು ಬಿದ್ದುದು ಕಂಪ್ಯೂಟರ್ ಶಿಕ್ಷಣದ ಮೇಲೆ; ಇತರ ವಿಷಯಗಳ ಬೋಧನೆಯಲ್ಲಿ ಅದರ ಬಳಕೆ ಗೌಣವಾಗಿಯೇ ಉಳಿಯಿತು. ಈ ಕೊರತೆಯನ್ನು ತುಂಬಲು ಅಜೀಂ ಪ್ರೇಮ್‌ಜಿ ಫೌಂಡೇಶನ್ ಪ್ರಾಥಮಿಕ ಶಾಲೆಗಳಿಗಾಗಿ ಕಥೆ ಮತ್ತು ಆಟಗಳ ರೂಪದ ಸಿಡಿಗಳನ್ನು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಸಿದ್ಧಪಡಿಸಿತಾದರೂ, ಶಿಕ್ಷಕರನ್ನು ಬದಿಗಿಟ್ಟು ಯಂತ್ರದಿಂದಲೇ ಕಲಿಕೆ ಸುಧಾರಿಸದೆಂಬ ನಿಲುವಿಗೆ ಆ ಸಂಸ್ಥೆಯೇ ಮುಂದೆ ಬಂದಿತು.

ಇದೇ ಅವಧಿಯಲ್ಲಿ, ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ದಾರಿಯ ಮಚ್ಛೆಯ ಬಳಿ ಕೇಂದ್ರ ಕಚೇರಿಯನ್ನು ಹೊಂದಿರುವ, 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಉಪಗ್ರಹದ ಮೂಲಕ ಪಾಠ ಬಿತ್ತರಿಸುವ ಪ್ರಯೋಗಕ್ಕೆ ಆಯ್ಕೆಯಾಯಿತು. ಶಿಕ್ಷಣಕ್ಕೆಂದೇ ಇಸ್ರೋ 2004ರ ಸೆಪ್ಟೆಂಬರ್ 20ರಂದು ಹಾರಿಸಿದ ಎಜುಸ್ಯಾಟ್ ಉಪಗ್ರಹದಿಂದ ಸಂಯೋಜಿತ ಎಂಜಿನಿಯರಿಂಗ್ ಕಾಲೇಜುಗಳು ಒಂದೇ ಉಪನ್ಯಾಸವನ್ನು ಏಕಕಾಲದಲ್ಲಿ ಕೇಳುವಂತಾಯಿತು. ಆದರೆ ಅದೇ ದಾರಿಯುದ್ದದ ಹಳ್ಳಿಶಾಲೆಗಳು ಆ ಜಾಲದ ಹೊರಗೇ ಉಳಿದವು.

ಶಿಕ್ಷಕರನ್ನೇ ಪಾಠದ ಕರ್ತೃಗಳೆಂದು ಕಂಡ ಬದಲಾವಣೆ ಬಂದುದು ಅನಂತರದ ದಶಕದಲ್ಲಿ. ಸರ್ಕಾರಿ ಪ್ರೌಢಶಾಲೆಗಳ ‘ವಿಷಯ ಶಿಕ್ಷಕರ ವೇದಿಕೆ’ಯು, ರೇಖಾಗಣಿತದ ಆಕೃತಿಗಳನ್ನು ತೆರೆಯ ಮೇಲೆ ಎಳೆದು ಬದಲಿಸಿ ತೋರಿಸುವ ಜಿಯೋಜೀಬ್ರಾದಂತಹ ಮುಕ್ತ ತಂತ್ರಾಂಶಗಳಲ್ಲಿ, ಅಂದರೆ ಯಾರು ಬೇಕಾದರೂ ಬಳಸಿ ತಿದ್ದಬಹುದಾದ ತಂತ್ರಾಂಶಗಳಲ್ಲಿ, ಶಿಕ್ಷಕರಿಗೆ ತರಬೇತಿ ನೀಡಿತು. 2017ರಲ್ಲಿ ಬಂದ ‘ದೀಕ್ಷಾ’ ವೇದಿಕೆಯು ಪಠ್ಯಪುಸ್ತಕದ ಕ್ಯೂಆರ್ ಕೋಡನ್ನು ಮೊಬೈಲಿಗೆ ಹಿಡಿದರೆ ಸಂಬಂಧಪಟ್ಟ ವಿಡಿಯೊ ತೆರೆದುಕೊಳ್ಳುವ ವ್ಯವಸ್ಥೆಯನ್ನು ರೂಢಿಗೆ ತಂದಿತು.

ಈ ವ್ಯವಸ್ಥೆಯ ಮಿತಿಯನ್ನು 2020ರ ಕೋವಿಡ್ ಕಾಲ ಬಯಲಿಗೆಳೆಯಿತು. ಶಾಲೆಗಳು ಮುಚ್ಚಿದಾಗ ಬೆಳಗಾವಿ ನಗರದ ಅನೇಕ ಮಕ್ಕಳಿಗೆ ಮೊಬೈಲೇ ತರಗತಿಯಾದರೆ, ಭೀಮಗಡ ವನ್ಯಜೀವಿಧಾಮದ ಒಳಗೂ ಅಂಚಿನಲ್ಲೂ ಇರುವ ಖಾನಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ನೆಟ್‌ವರ್ಕ್ ಸಿಗುವುದೇ ದುರ್ಲಭವಾಗಿತ್ತು. ಅದೇ ಆಗಸ್ಟ್‌ನಲ್ಲಿ ಆರಂಭವಾದ ‘ವಿದ್ಯಾಗಮ’ ಕಾರ್ಯಕ್ರಮದಡಿ ರಾಜ್ಯದಾದ್ಯಂತ ಶಿಕ್ಷಕರು ಗುಡಿಯ ಕಟ್ಟೆ, ಮರದ ನೆರಳುಗಳಲ್ಲಿ ಮಕ್ಕಳನ್ನು ಕೂರಿಸಿ ಕಲಿಸಬೇಕಾಯಿತು. ನಾಲ್ಕು ದಶಕಗಳ ಈ ಅನುಭವವನ್ನು ಗಮನಿಸಿದರೆ, ಗಡಿಭಾಗದ ಶಾಲೆಗಳಿಗೆ ತಂತ್ರಾಂಶವನ್ನು ರೂಪಿಸುವವರು ಅದು ಮೂರೂ ಮಾಧ್ಯಮಗಳಲ್ಲಿ ದೊರೆಯುವಂತೆ, ಇಂಟರ್‌ನೆಟ್ ಇಲ್ಲದೆಯೂ ನಡೆಯುವಂತೆ ಮತ್ತು ಶಿಕ್ಷಕರು ತಮ್ಮ ಊರಿಗೆ ತಕ್ಕಂತೆ ತಿದ್ದಿಕೊಳ್ಳಬಲ್ಲಂತೆ ನೋಡಿಕೊಳ್ಳುವುದು ಅಗತ್ಯ.