ಶರಾವತಿಯ ಡಯಾಟಮುಗಳು

ಮದ್ದೂರಿನ ಬಳಿ ಶಿಂಷಾ ನದಿಯ ನೀರು ಇಳಿದಾಗ, ಕಲ್ಲುಗಳ ಮೇಲೆ ಕಂದುಬಣ್ಣದ ಜಾರುಲೋಳೆ ಹತ್ತಿಕೊಂಡಿರುವುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಹೊಳೆಗಲ್ಲಿನ ಇಂಥ ಲೋಳೆಯಲ್ಲಿ ಡಯಾಟಮ್ ಎಂಬ ಏಕಕೋಶಜೀವಿಗಳು ಹೇರಳವಾಗಿರುವುವು. ಒಂದೊಂದು ಕೋಶಕ್ಕೂ ಗಾಜಿನಂಥ ಸಿಲಿಕದ ಕವಚವುಂಟು. ಕುಂಕುಮದ ಕರಡಿಗೆಗೆ ಮುಚ್ಚಳ ಕೂಡುವಂತೆ ಅದರ ಎರಡು ಹೋಳುಗಳು ಒಂದರೊಳಗೊಂದು ಸೇರಿರುವುವು. ಆ ಹೋಳುಗಳ ಮೇಲಣ ಗೆರೆ ಚುಕ್ಕೆಗಳ ವಿನ್ಯಾಸವೇ ಪ್ರಭೇದಗಳನ್ನು ಗುರುತಿಸಲು ಮುಖ್ಯ ಲಕ್ಷಣವಾಗಿದೆ.

ಇವುಗಳಿಗೆ ಸಿಹಿನೀರು ಹೇಗೋ ಕಡಲೂ ಹಾಗೆಯೇ ಮನೆ. ಹೊನ್ನಾವರದಲ್ಲಿ ಶರಾವತಿಯು ಸಮುದ್ರವನ್ನು ಸೇರುವಂಥ ಅಳಿವೆಗಳಲ್ಲಿ, ಇಳಿತದ ಹೊತ್ತಿಗೆ ಕೆಸರುಬಯಲು ತೆರೆದುಕೊಂಡೊಡನೆ ಡಯಾಟಮುಗಳು ಬೆಳಕನ್ನರಸಿ ಮೇಲಕ್ಕೆ ತೆವಳಿ ಬರುವುವು. ಉಬ್ಬರವು ಮರಳುವುದರೊಳಗೆ ಕೆಳಕ್ಕೆ ಇಳಿಯುವುವು. ಅವು ಸ್ರವಿಸುವ ಅಂಟು ಕೆಸರನ್ನು ಕೊಚ್ಚಿಹೋಗದಂತೆ ಹಿಡಿದಿಡುವುದು.

1838ರಲ್ಲಿ ಜರ್ಮನಿಯ ಏರನ್‌ಬರ್ಗನು ತನ್ನ ಮಹಾಗ್ರಂಥದಲ್ಲಿ ಇವುಗಳನ್ನು ಪ್ರಾಣಿಗಳ ಸಾಲಿನಲ್ಲಿಯೇ ಇರಿಸಿದ್ದನು. ನಮ್ಮ ದೇಶದ ಕಡಲಿನ ಡಯಾಟಮುಗಳ ವಿಷಯದಲ್ಲಿ, ಆರ್. ಸುಬ್ರಹ್ಮಣ್ಯನ್ನರು ಮದರಾಸು ತೀರದವುಗಳನ್ನು ಕ್ರಮವಾಗಿ ವಿವರಿಸಿ ಬರೆದ ದೀರ್ಘ ಲೇಖನವು 1946ರಲ್ಲಿ ಬೆಂಗಳೂರಿನ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಅಂದಿನ ಮೈಸೂರು ರಾಜ್ಯದ ಸಿಹಿನೀರಿನ ಕಡೆಗೆ ತಿರುಗಿದವರು ಎಚ್. ಪಿ. ಗಾಂಧಿಯವರು. 1958ರಲ್ಲಿ ಹಿರೇಭಾಸ್ಕರ ಅಣೆಕಟ್ಟಿನ ಪ್ರದೇಶದ, 1959ರಲ್ಲಿ ಸಾಗರದ, 1966ರಲ್ಲಿ ಜೋಗದ ಡಯಾಟಮುಗಳನ್ನು ಕುರಿತು ಅವರ ಲೇಖನಗಳು ಪ್ರಕಟವಾದವು.

ಈ ಕಾರ್ಯದ ಶ್ರಮವು ಸಾಮಾನ್ಯವಲ್ಲ. ಕೆಸರನ್ನು ಆಮ್ಲದಲ್ಲಿ ಕುದಿಸಿ ಕವಚ ಮಾತ್ರವೇ ಉಳಿಯುವಂತೆ ಮಾಡಿ, ಗಾಜಿನ ಪಟ್ಟಿಯ ಮೇಲೆ ಅಂಟಿಸಿ, ಮಿಲಿಮೀಟರಿನ ನೂರನೆಯ ಒಂದು ಭಾಗದಲ್ಲಿ ಎಷ್ಟು ಗೆರೆಗಳಿವೆಯೆಂದು ಸೂಕ್ಷ್ಮದರ್ಶಕದಲ್ಲಿ ಎಣಿಸಬೇಕು. ಎಣಿಸಿದ ಮೇಲೆ ಹೆಸರಿಡುವುದೂ ಸುಲಭವಲ್ಲ. ಹೊಸ ಪ್ರಭೇದವನ್ನು ಸಾರುವವನು ಅದರ ಮೂಲಮಾದರಿ ಯಾವುದೆಂದು ಸೂಚಿಸಲೇಬೇಕೆಂಬ ನಿಯಮವು 1958ರ ಜನವರಿ 1ರಿಂದ ಸಸ್ಯನಾಮಗಳಿಗೆ ಅನ್ವಯಿಸಿತು. ಮತ್ತೊಬ್ಬನು ಬಂದು ಅದೇ ವಸ್ತುವನ್ನು ನೋಡಿ ಒಪ್ಪುವಂತೆಯೋ ತಿದ್ದುವಂತೆಯೋ ಇರಬೇಕೆಂಬುದೇ ಇದರ ತಾತ್ಪರ್ಯ.

ಈ ನಿಯಮದ ಬೆಲೆಯನ್ನು ಶರಾವತಿಯೇ ನಮಗೆ ತಿಳಿಸಿಕೊಟ್ಟಿದೆ. 1964ರಲ್ಲಿ ಲಿಂಗನಮಕ್ಕಿಯ ಕಟ್ಟೆ ಮುಗಿದು, ಹಿರೇಭಾಸ್ಕರದ ಹಳೆಯ ಅಣೆಕಟ್ಟು ಹೊಸ ಜಲಾಶಯದಲ್ಲಿ ಮುಳುಗಿತು. ಆರು ವರುಷಗಳ ಹಿಂದೆ ಲೇಖನದಲ್ಲಿ ಹೆಸರು ಪಡೆದಿದ್ದ ದಡಗಳು ನೀರಿನ ಪಾಲಾದವು. ಅಂದಿನ ದಡದ ಕೆಸರನ್ನು ಇನ್ನಾರೂ ಅಂದಿನ ಸ್ಥಿತಿಯಲ್ಲಿ ಬಾಚಿ ತರಲಾರರು. ಅದರ ಜೀವಿಗಳ ವಿಷಯದಲ್ಲಿ ಸಾಕ್ಷಿ ಹೇಳಬಲ್ಲವು ಬರೆದಿಟ್ಟ ವಿವರಗಳು, ಚಿತ್ರಗಳು ಮತ್ತು ಉಳಿಸಿದ ಮಾದರಿಗಳು ಮಾತ್ರ. ಕೊಲ್ಲಾಪುರದಿಂದ ಗಾಂಧಿಯವರು ವರದಿಮಾಡಿದ್ದ ಗೊಂಫೊನೀಮ ಕುಲದ ಪ್ರಭೇದಗಳನ್ನು ಕಾರ್ತಿಕ್ ಮತ್ತು ಕೊಸಿಯೋಲೆಕ್ ಎಂಬ ವಿದ್ವಾಂಸರು 2012ರಲ್ಲಿ ಪುನಃ ಪರಿಶೀಲಿಸಿ, ಅವುಗಳ ಮಾದರಿಗಳನ್ನು ಗೊತ್ತುಪಡಿಸಿದರು. ಒಬ್ಬರ ಕೆಲಸವನ್ನು ಅರ್ಧ ಶತಮಾನದ ಬಳಿಕ ಮತ್ತೊಬ್ಬರು ಕೈಗೆತ್ತಿಕೊಳ್ಳುವುದು ಹೀಗೆ.

ನಮ್ಮ ಜಿಲ್ಲೆಯೂ ನೀರನ್ನು ಕಟ್ಟಿದ, ತಿರುಗಿಸಿದ ನಾಡು. ಕನ್ನಂಬಾಡಿಯ ಕಟ್ಟೆ, ಮಂಡ್ಯದ ನಾಲೆಗಳು, ಮಳವಳ್ಳಿ ಸೀಮೆಯ ಶಿವನಸಮುದ್ರದಲ್ಲಿ 1902ರಿಂದ ವಿದ್ಯುಚ್ಛಕ್ತಿಗೆ ತಿರುಗಿದ ಕಾವೇರಿ, ಇವೆಲ್ಲವೂ ಅದಕ್ಕೆ ನಿದರ್ಶನಗಳು. ನೀರು ಬದಲಾದಂತೆ ಅದರ ಜೀವಿಗಳೂ ಬದಲಾಗುವುವು. ಶಾಲೆಯ ಬಾಲಕನೊಬ್ಬನು ಶಿಂಷೆಯ ಕಲ್ಲಿನ ಲೋಳೆಯನ್ನು ಸೀಸೆಯಲ್ಲಿ ತುಂಬಿ, ಕೆಡದಂತೆ ಒಂದಿಷ್ಟು ಮದ್ಯಸಾರವನ್ನು ಬೆರೆಸಿ, ಊರಿನ ಹೆಸರನ್ನೂ ತಾರೀಖನ್ನೂ ಬರೆದಿಡುವಂತೆ ಉಪಾಧ್ಯಾಯರು ಮಾಡಿದರೆ, ಅದು ಸಣ್ಣ ಕೆಲಸವೆಂದು ತೋರಬಹುದು. ಹಿರೇಭಾಸ್ಕರದ ಕಥೆಯನ್ನು ಬಲ್ಲವರು ಹಾಗೆ ಎಣಿಸಲಾರರು.