ಗೌರಿಬಿದನೂರಿನ ಕಿವಿ

ಶಿವಮೊಗ್ಗದ ಕಾಲೇಜೊಂದರಲ್ಲಿ ಶೀತಲ ಸಮರದ ಬಗ್ಗೆ ಮಾತಾಡುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: 'ಸಹಿ ಹಾಕಿದ ಮೇಲೂ ನೆಲದಡಿ ಕದ್ದು ಬಾಂಬ್ ಸಿಡಿಸಿದರೆ ಗೊತ್ತಾಗೋದು ಹೇಗೆ ಸರ್?'

1963ರ ಒಪ್ಪಂದ ಅರ್ಧಕ್ಕೆ ನಿಂತದ್ದು ಇದೇ ಪ್ರಶ್ನೆಯಿಂದ. ಅಮೆರಿಕ, ಸೋವಿಯತ್ ಒಕ್ಕೂಟ, ಬ್ರಿಟನ್ ಸೇರಿ ವಾತಾವರಣ, ಬಾಹ್ಯಾಕಾಶ, ನೀರಿನಡಿಯ ಅಣು ಪರೀಕ್ಷೆಗಳನ್ನು ನಿಷೇಧಿಸಿದವು, ನೆಲದಡಿಯದನ್ನು ಬಿಟ್ಟವು. ಭೂಕಂಪವೋ ಸ್ಫೋಟವೋ ಎಂದು ದೂರದಿಂದ ಹೇಳುವುದು ಕಷ್ಟವಿತ್ತು. ಸ್ಥಳಕ್ಕೇ ಬಂದು ನೋಡಲು ಅಮೆರಿಕ ಕೇಳಿದ್ದು ವರ್ಷಕ್ಕೆ ಏಳು ತಪಾಸಣೆ, ಸೋವಿಯತ್ ಒಪ್ಪಿದ್ದು ಹೆಚ್ಚೆಂದರೆ ಮೂರು. ನಾಲ್ಕು ತಪಾಸಣೆಗಳ ಚೌಕಾಸಿ!

ದೂರದಿಂದಲೇ ಆಲಿಸುವ ಪ್ರಯತ್ನವೊಂದು ನಮ್ಮಲ್ಲೇ ನಡೆಯಿತು. 1960ರ ದಶಕದಲ್ಲಿ ಬ್ರಿಟನ್ನಿನ ಅಣುಶಕ್ತಿ ಸಂಸ್ಥೆಯ ಸಹಯೋಗದಲ್ಲಿ ಗೌರಿಬಿದನೂರಿನ ಬಳಿ ಕಂಪನಮಾಪಕಗಳನ್ನು 'ಎಲ್' ಆಕಾರದಲ್ಲಿ ಹೂಳಲಾಯಿತು. ಭದ್ರಾವತಿಯ ನಮ್ಮ ಮನೆಯ ಮುಂದೆ ಲೋಡ್ ಲಾರಿ ಹೋದರೆ ಅಡುಗೆಮನೆಯ ಪಾತ್ರೆಗಳು ಗಲಗಲ ಎನ್ನುತ್ತಿದ್ದವು. ಅಂಥ ಊರಲ್ಲಿ ಈ ಕೆಲಸ ಆಗದು. ಹಳೆಯ ಗಟ್ಟಿ ಬಂಡೆ, ಸದ್ದಿಲ್ಲದ ನೆಲ ಬೇಕು. ಒಂದೇ ಅಲೆ ಒಂದೊಂದು ಮಾಪಕವನ್ನು ತುಸು ಹಿಂದೆ ಮುಂದೆ ಮುಟ್ಟುತ್ತದೆ. ಆ ಅಂತರದಿಂದ ಅದು ಬಂದ ದಿಕ್ಕು ತಿಳಿಯುತ್ತದೆ. 1998ರ ಮೇ 28ರಂದು ಪಾಕಿಸ್ತಾನ ಚಾಗೈಯಲ್ಲಿ ನಡೆಸಿದ ಸ್ಫೋಟ ಇಲ್ಲಿ ದಾಖಲಾಯಿತು.

'ಹಾಗಾದರೆ ನಮ್ಮದನ್ನು ಅಳೆಯೋರು ಯಾರು?' ಎಂದಳು.

ಬೇರೆಯವರು. 1996ರ ಸಮಗ್ರ ಪರೀಕ್ಷಾ ನಿಷೇಧ ಒಪ್ಪಂದಕ್ಕೆ ಭಾರತ ಸಹಿ ಹಾಕದಿದ್ದರೂ ಪೋಖ್ರಾನ್‌ನ ಅಲೆಗಳು ಗಡಿ ದಾಟಿದವು. 1998ರ ಮೇ 11ರ ಜಲಜನಕ ಬಾಂಬಿನ ಶಕ್ತಿ 45 ಕಿಲೋಟನ್ ಎಂದರು ನಮ್ಮ ವಿಜ್ಞಾನಿಗಳು. ಎದುರಾಳಿಯನ್ನು ಹೆದರಿಸಿ ತಡೆಯುವ ನೀತಿಗೆ ಇಂಥ ಅಂಕಿಯೇ ಆಧಾರ. ಹೊರದೇಶದ ಹಲವು ಭೂಕಂಪ ತಜ್ಞರು ಅಷ್ಟಿಲ್ಲ ಎಂದರು. 2009ರಲ್ಲಿ, ಆ ಪರೀಕ್ಷೆಯಲ್ಲಿ ಮುಖ್ಯ ಪಾತ್ರ ವಹಿಸಿದ್ದ ಕೆ. ಸಂತಾನಂ ಅವರೇ ಅದು ನಿರೀಕ್ಷೆ ಮುಟ್ಟಲಿಲ್ಲ ಎಂದರು. ಸರ್ಕಾರ ಒಪ್ಪಲಿಲ್ಲ.