ಮಗಧ ಗೊತ್ತಿತ್ತು, ಬಿಹಾರ ಗೊತ್ತಿರಲಿಲ್ಲ

ಮಗಳಿಗೆ ಬ್ಯಾಂಕಿನಲ್ಲಿ ಆಫೀಸರ್ ಕೆಲಸ ಸಿಕ್ಕಿತೆಂದು ಗದುಗಿನ ನಮ್ಮ ಓಣಿಗೆಲ್ಲ ಪೇಢೆ ಹಂಚಿದ್ದೆ. ತರಬೇತಿ ಮುಗಿದು ಆರ್ಡರ್ ಬಂತು: ಬಿಹಾರದ ದರ್ಭಂಗಾ ಶಾಖೆ. ಪೇಢೆ ತಿಂದು ಹೋದವರೇ ಈಗ ಸಮಾಧಾನ ಹೇಳಲು ಬಂದರು. “ಬಿಹಾರಕ್ಕ? ಹುಡುಗೀನ್ನ ಒಬ್ಬಾಕಿನ್ನ ಹ್ಯಾಂಗ ಕಳಸ್ತೀರಿ ಅಕ್ಕೋರ?” ಎಂದರು ಎದುರುಮನೆಯ ಕಾಕು. “ಅಲ್ಲಿ ಬಂದೂಕು ಇಲ್ಲದ ಮನಿ ಇಲ್ಲಂತ್ರಿ ವೈನಿ” ಎಂದ ನನ್ನ ಮೈದುನ. ಅವನು ಬಳ್ಳಾರಿ ದಾಟಿ ಆಚೆಗೆ ಹೋದವನಲ್ಲ. ಆದರೂ ಆ ಹೊತ್ತಿನಲ್ಲಿ ಅವನ ಮಾತೇ ನನಗೆ ವೇದವಾಕ್ಯವಾಗಿ ಕೇಳಿಸಿತು.

ಕೆಲಸವನ್ನೇ ಬಿಟ್ಟುಬಿಡು ಎಂದು ಮಗಳಿಗೆ ಹೇಳಿದೆ. ಅವಳು ಸಿಟ್ಟಾಗಲಿಲ್ಲ. “ಅವ್ವಾ, ಇಪ್ಪತ್ತೆಂಟು ವರ್ಷ ಹುಡುಗರಿಗೆ ಇತಿಹಾಸ ಕಲಿಸಿದಿ. ಅಶೋಕ ಯಾವೂರಾಂವ? ನಳಂದ ಎಲ್ಲೈತಿ?” ಎಂದು ಕೇಳಿದಳು.

ನಾನು ಉತ್ತರ ಕೊಡಲಿಲ್ಲ. ಉತ್ತರ ಗೊತ್ತಿರಲಿಲ್ಲವೆಂದಲ್ಲ. ಬಿಂಬಿಸಾರ, ಅಜಾತಶತ್ರು, ಚಂದ್ರಗುಪ್ತ, ಅಶೋಕ ಎಂದು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ವಿಹಾರಗಳಿದ್ದ ನಾಡಾದ್ದರಿಂದ ಬಿಹಾರ ಎಂಬ ಹೆಸರು ಬಂತೆಂದೂ ಹೇಳುತ್ತಿದ್ದೆ. ಆದರೆ ಪಾಠದ ಮಗಧ ಬೇರೆ, ಪತ್ರಿಕೆಯ ಬಿಹಾರ ಬೇರೆ ಎಂಬಂತೆ ಮನಸ್ಸಿನಲ್ಲಿ ನಡುವೆ ಒಂದು ಗೋಡೆ ಎದ್ದಿತ್ತು. ಮಗಧವೆಂದರೆ ಗೌರವ. ಬಿಹಾರವೆಂದರೆ ನಮ್ಮೂರಿನ ಹೊಸ ಮನೆಗಳಿಗೆ ಟೈಲ್ಸ್ ಹಾಕುವ ಹುಡುಗರು, ರೈಲಿನ ಜನರಲ್ ಡಬ್ಬಿಯ ನೂಕುನುಗ್ಗಲು, ಮತ್ತು ನನ್ನ ಒಂಬತ್ತನೇ ತರಗತಿಯ ಕೊನೆಯ ಬೆಂಚಿನ ಒಬ್ಬ ಹುಡುಗ. ಆ ಹುಡುಗನ ವಿಷಯ ಆಮೇಲೆ ಹೇಳುತ್ತೇನೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ಹೇಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ.

ಹೋದ ವರ್ಷದ ದಸರಾ ರಜೆಯಲ್ಲಿ ಮಗಳ ಜೊತೆ ನಾನೂ ಹೊರಟೆ. ಬೆಂಗಳೂರಿನಿಂದ ದಾನಾಪುರಕ್ಕೆ ಹೋಗುವ ರೈಲಿನ ಹೆಸರು ಸಂಘಮಿತ್ರಾ. ಅಶೋಕನ ಮಗಳ ಹೆಸರು. ಬೋಧಿವೃಕ್ಷದ ಕೊಂಬೆ ಹಿಡಿದು ಆಕೆ ಸಿಂಹಳಕ್ಕೆ ಹೋದಳೆಂದು ಬೌದ್ಧರ ಪುರಾಣೇತಿಹಾಸ ಹೇಳುತ್ತದೆ. ಆ ಕಾಲದಲ್ಲಿ ಒಬ್ಬ ತಂದೆ ಮಗಳನ್ನು ಸಮುದ್ರ ದಾಟಿಸಿ ಕಳಿಸಿದ. ಈ ಕಾಲದಲ್ಲಿ ನಾನು ಬ್ಯಾಂಕಿನ ಕೆಲಸಕ್ಕೆ ಕಳಿಸಲು ಅಳುತ್ತಿದ್ದೇನಲ್ಲ ಎಂದು ನನಗೇ ನಗು ಬಂತು.

ಆದರೂ ಚೀಲದ ಪಟ್ಟಿಯನ್ನು ಕೈಗೆ ಸುತ್ತಿಕೊಂಡೇ ಕೂತಿದ್ದೆ. ಎದುರಿನ ಸೀಟಿನಲ್ಲಿ ಮುಜಫ್ಫರಪುರದ ಒಬ್ಬ ಹೆಂಗಸು, ಬೆಂಗಳೂರಿನಲ್ಲಿದ್ದ ಮಗನ ಮನೆಯಿಂದ ಹಿಂದಿರುಗುತ್ತಿದ್ದರು. ಎರಡನೆಯ ದಿನ ಅವರು ಸ್ಟೀಲಿನ ಡಬ್ಬಿ ತೆಗೆದು ‘ಠೇಕುವಾ’ ಕೊಟ್ಟರು. ಗೋಧಿಹಿಟ್ಟಿಗೆ ಬೆಲ್ಲ ಹಾಕಿ ತುಪ್ಪದಲ್ಲಿ ಕರಿದದ್ದು. ಬಾಯಿಗಿಟ್ಟರೆ ನಮ್ಮ ಗಾರಿಗೆಯ ಅಕ್ಕನೋ ತಂಗಿಯೋ ಅನ್ನಿಸಿತು. ಆಮೇಲೆ ಲೋಟದಲ್ಲಿ ಸತ್ತು ಕದಡಿ, ಉಪ್ಪು, ನಿಂಬೆರಸ ಹಾಕಿ ಕೊಟ್ಟರು. ಹುರಿಗಡಲೆಯ ಹಿಟ್ಟು ಅದು. ನಾವು ಚಟ್ನಿಪುಡಿಗೆ ಹಾಕುವ ಪುಟಾಣಿಯೇ ಅವರ ಬೇಸಿಗೆಯ ತಂಪು. ನಾನು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟೆ. ಚೀಲದ ಪಟ್ಟಿ ಕೈಯಿಂದ ಯಾವಾಗ ಬಿಚ್ಚಿತೋ ನೆನಪಿಲ್ಲ.

ಮೂರನೆಯ ದಿನ ದಾನಾಪುರದಲ್ಲಿ ಇಳಿದು, ಪಟ್ನಾದಿಂದ ಬಸ್ಸು ಹಿಡಿದೆವು. 1982ರಲ್ಲಿ ಆರಂಭವಾದ ಗಾಂಧಿ ಸೇತುವೆಯ ಮೇಲೆ ಬಸ್ಸು ಹೋಗುತ್ತಲೇ ಇತ್ತು, ಕೆಳಗೆ ಗಂಗೆ ಮುಗಿಯುತ್ತಲೇ ಇರಲಿಲ್ಲ. ತುಂಗಭದ್ರೆಯನ್ನೇ ದೊಡ್ಡ ಹೊಳೆ ಎಂದುಕೊಂಡಿದ್ದವಳು ಕೈಮುಗಿದು ಸುಮ್ಮನೆ ಕೂತೆ. ಆಚೆ ದಡದಲ್ಲಿ ಹಾಜೀಪುರದ ಬಾಳೆತೋಟಗಳು, ಮುಂದೆ ಮುಜಫ್ಫರಪುರದ ಲಿಚಿತೋಟಗಳು. ಶಾಲೆ ಬಿಟ್ಟ ಹೊತ್ತು. ಸಮವಸ್ತ್ರ ತೊಟ್ಟ ಹುಡುಗಿಯರು ಗುಂಪುಗುಂಪಾಗಿ ಸೈಕಲ್ ತುಳಿಯುತ್ತ ಬಸ್ಸಿಗೆ ದಾರಿಯನ್ನೇ ಬಿಡುತ್ತಿರಲಿಲ್ಲ. 2006ರಿಂದ ಒಂಬತ್ತನೇ ತರಗತಿಯ ಹುಡುಗಿಯರಿಗೆ ಸೈಕಲ್ ಕೊಳ್ಳಲು ಸರ್ಕಾರ ಹಣ ಕೊಡತೊಡಗಿತು. ಅದೇ ಸುಮಾರಿಗೆ ನಮ್ಮ ರಾಜ್ಯದಲ್ಲೂ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಬಂದಿದ್ದವು. ನಮ್ಮ ಶಾಲೆಯ ಅಂಗಳದಲ್ಲಿ ಅವನ್ನು ಎಣಿಸಿಕೊಂಡವಳು ನಾನೇ. ಆ ಹುಡುಗಿಯರನ್ನು ನೋಡಿದಾಗ ಪರಿಚಯದವರನ್ನು ಕಂಡಂತಾಯಿತು.

ದರ್ಭಂಗಾದಲ್ಲಿ ಮಗಳು ಬಾಡಿಗೆಗೆ ಹಿಡಿದ ಮನೆಯ ಒಡತಿ ನನ್ನ ಹಾಗೆಯೇ ಇತಿಹಾಸದ ಶಿಕ್ಷಕಿ, ನಿವೃತ್ತರು. ಚಹಾ ಕೊಟ್ಟು ಅವರು ಕೇಳಿದ ಮೊದಲ ಪ್ರಶ್ನೆ, “ನೀವು ಮದ್ರಾಸಿಗಳಲ್ಲವೇ? ದಿನಾ ಇಡ್ಲಿ ಬೇಕಾಗುತ್ತದೇನೋ?”

ನನಗೆ ಮೈಯೆಲ್ಲ ಉರಿಯಿತು. ಹುಡುಗಿಯಾಗಿದ್ದಾಗ ಪಾಸು ಮಾಡಿದ ಹಿಂದಿ ಪರೀಕ್ಷೆಯ ಬಲದಿಂದ, ನಾವು ಕನ್ನಡದವರು, ಜೋಳದ ರೊಟ್ಟಿ ತಿನ್ನುವವರು, ಮದ್ರಾಸು ಬೇರೆ ರಾಜ್ಯ, ಅದರ ಹೆಸರೂ 1996ರಲ್ಲೇ ಚೆನ್ನೈ ಆಯಿತು ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಅವರು ನಕ್ಕು, “ನಮ್ಮನ್ನೂ ಎಲ್ಲರೂ ಬಿಹಾರಿ ಎಂದುಬಿಡುತ್ತಾರೆ. ನಾವು ಮೈಥಿಲರು. ನಮ್ಮ ಭಾಷೆ ಮೈಥಿಲಿ” ಎಂದರು. 2003ರ ತಿದ್ದುಪಡಿಯಲ್ಲಿ ಸಂವಿಧಾನದ ಎಂಟನೇ ಅನುಸೂಚಿಗೆ ಮೈಥಿಲಿ ಸೇರಿದ್ದನ್ನು ನಾನೇ ಪಾಠದಲ್ಲಿ ಹೇಳಿಕೊಟ್ಟವಳು. ಅದನ್ನಾಡುವ ಮನುಷ್ಯರು ಎದುರಿಗೆ ಕೂತದ್ದು ಮಾತ್ರ ಆವತ್ತೇ.

ಆಮೇಲೆ ಅವರು, “ಕನ್ನಡ ಎಂದರೆ ಕರ್ನಾಟ ತಾನೇ? ಹಾಗಿದ್ದರೆ ನೀವು ಇಲ್ಲಿಗೆ ಹೊಸಬರಲ್ಲ” ಎಂದು ಹೇಳಿ, ಸಂಜೆ ನಮ್ಮನ್ನು ರೈಲುನಿಲ್ದಾಣದ ಹತ್ತಿರದ ಕೆರೆಗಳ ಕಡೆ ಕರೆದುಕೊಂಡು ಹೋದರು. ಹರಾಹಿ, ದಿಗ್ಘಿ, ಗಂಗಾಸಾಗರ ಎಂದು ಮೂರು ದೊಡ್ಡ ಕೆರೆಗಳು. ಗಂಗಾಸಾಗರವನ್ನು ತೋಡಿಸಿದವನು ಕರ್ನಾಟ ವಂಶದ ಗಂಗದೇವ ಎಂದು ಊರಿನ ಜನ ಹೇಳುತ್ತಾರಂತೆ.

ಅವರು ಹೇಳಿದ್ದು, ಊರಿಗೆ ಬಂದ ಮೇಲೆ ನಾನು ಪುಸ್ತಕ ತೆಗೆದು ಓದಿದ್ದು ಎರಡನ್ನೂ ಸೇರಿಸಿ ಹೇಳುತ್ತೇನೆ. 1097ರಲ್ಲಿ ನಾನ್ಯದೇವ ಎಂಬವನು ಮಿಥಿಲೆಯಲ್ಲಿ ಒಂದು ರಾಜ್ಯ ಕಟ್ಟಿದ. ಅವನ ವಂಶಕ್ಕೆ ಕರ್ನಾಟ ವಂಶವೆಂದೇ ಹೆಸರು. ರಾಜಧಾನಿ ಸಿಮ್ರೌನಗಢ, ಈಗ ಅದು ಗಡಿಯಾಚೆ ನೇಪಾಳದಲ್ಲಿದೆ. ಅದೇ ಕಾಲದಲ್ಲಿ ಇಲ್ಲಿ ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯ ಆಳುತ್ತಿದ್ದ. ಅವನು ಯುವರಾಜನಾಗಿದ್ದಾಗ ಪೂರ್ವದೇಶಗಳ ಮೇಲೆ ದಂಡೆತ್ತಿ ಹೋದದ್ದನ್ನು ಅವನ ಆಸ್ಥಾನದ ಬಿಲ್ಹಣ ಕಾವ್ಯದಲ್ಲಿ ಬಣ್ಣಿಸಿದ್ದಾನೆ. ಆ ದಂಡಿನ ಜೊತೆ ಹೋದ ಕನ್ನಡ ನಾಡಿನ ಸೈನಿಕರಲ್ಲಿ ಕೆಲವರು ಅಲ್ಲೇ ನಿಂತರು, ನಾನ್ಯದೇವನ ಮನೆತನ ಅಂಥವರಿಂದ ಬಂದದ್ದು ಎಂದು ಇತಿಹಾಸಕಾರರು ಊಹಿಸುತ್ತಾರೆ. ಬಂಗಾಳದ ಸೇನರೂ ತಮ್ಮನ್ನು ಕರ್ನಾಟ ಕ್ಷತ್ರಿಯರೆಂದೇ ಶಾಸನಗಳಲ್ಲಿ ಕರೆದುಕೊಂಡಿದ್ದಾರೆ.

ನಾನ್ಯದೇವ ಬರಿಯ ದಂಡಾಳಲ್ಲ. ಭರತನ ನಾಟ್ಯಶಾಸ್ತ್ರಕ್ಕೆ ‘ಭರತಭಾಷ್ಯ’ವೆಂಬ ವ್ಯಾಖ್ಯಾನ ಬರೆದ ಸಂಗೀತಜ್ಞ. ಈ ವಂಶದ ಕೊನೆಯ ಅರಸು ಹರಿಸಿಂಹದೇವನ ಆಸ್ಥಾನದಲ್ಲಿ ಜ್ಯೋತಿರೀಶ್ವರ ಠಾಕುರ ‘ವರ್ಣರತ್ನಾಕರ’ ಬರೆದ. ಮೈಥಿಲಿಯಲ್ಲಿ ಉಳಿದು ಬಂದಿರುವ ಅತ್ಯಂತ ಹಳೆಯ ಗದ್ಯಗ್ರಂಥ ಅದು. 1324ರ ಸುಮಾರಿಗೆ ಘಿಯಾಸುದ್ದೀನ್ ತುಘಲಕನ ಸೈನ್ಯ ಬಂದಾಗ ಹರಿಸಿಂಹದೇವ ನೇಪಾಳದ ಬೆಟ್ಟಗಳತ್ತ ಹೋದ. ಇನ್ನೂರಕ್ಕೂ ಹೆಚ್ಚು ವರ್ಷ ಆಳಿದ ಮನೆತನ ಅಷ್ಟರಲ್ಲಿ ಅಲ್ಲಿಯದೇ ಆಗಿಹೋಗಿತ್ತು. ತಾನು ಆಳಿದ ಜನರ ಭಾಷೆಯೇ ಅದರ ಆಸ್ಥಾನದಲ್ಲಿ ಬೆಳೆಯಿತು.

ಗದುಗಿನಿಂದ ಲಕ್ಕುಂಡಿಗೆ, ಇಟಗಿಗೆ ಮಕ್ಕಳನ್ನು ಎಷ್ಟೋ ಸಲ ಪ್ರವಾಸ ಕರೆದುಕೊಂಡು ಹೋಗಿದ್ದೇನೆ. ಇಟಗಿಯ ಮಹಾದೇವ ದೇವಾಲಯ ಆದದ್ದು 1112ರಲ್ಲಿ. ಅಲ್ಲಿ ಕಲ್ಲು ಕಡೆಯುತ್ತಿದ್ದ ಕಾಲದಲ್ಲೇ, ಈ ಕಡೆಯ ನೆಲದವರ ಮಕ್ಕಳು ಮಿಥಿಲೆಯಲ್ಲಿ ಮನೆಮಾಡಿಕೊಂಡಿದ್ದರು. ಕೆಲಸ ಹುಡುಕಿಕೊಂಡು, ಬೇರೆ ಮಾತಿನ ಜನರ ನಡುವೆ, ಊರು ಬಿಟ್ಟು ಹೋದವರು. ಅವರು ಆಯುಧ ಹಿಡಿದು ಹೋದರು, ಇವರು ಕರಣಿ ಹಿಡಿದು ಬರುತ್ತಾರೆ. ಯಾರ ಬರವು ಹೆಚ್ಚು ಅಂಜಿಕೆಯದು, ನೀವೇ ಹೇಳಿ.

ಹಾಗೆಂದು ಬಿಹಾರದಲ್ಲಿ ಎಲ್ಲ ಚೆನ್ನಾಗಿದೆ ಎಂದು ನಾನು ಹೇಳುವುದಿಲ್ಲ. ಕತ್ತಲಾದ ಮೇಲೆ ಮಗಳನ್ನು ಹೊರಗೆ ಕಳಿಸಲು ಮನೆಯೊಡತಿಯೂ ಒಪ್ಪಲಿಲ್ಲ. 2011ರ ಜನಗಣತಿಯಲ್ಲಿ ಅಲ್ಲಿನ ಹೆಂಗಸರಲ್ಲಿ ಅಕ್ಷರಸ್ಥರು ನೂರಕ್ಕೆ 51ರಷ್ಟು, ನಮ್ಮಲ್ಲಿ 68. ಆದರೆ ಬಡತನ ಜನರ ಸ್ವಭಾವದಿಂದ ಬಂದದ್ದಲ್ಲ. 1793ರಲ್ಲಿ ಕಾರ್ನವಾಲಿಸ್ ತಂದ ಜಮೀನ್ದಾರಿ ಕಟ್ಟಳೆ ರೈತನನ್ನು ತಲೆತಲಾಂತರಕ್ಕೆ ಹಿಂಡಿತು. ನೀಲಿಬೆಳೆಯ ಗೋಳು ಕೇಳಲು ಗಾಂಧೀಜಿ ಚಂಪಾರಣ್ಯಕ್ಕೆ ಹೋದದ್ದು 1917ರಲ್ಲಿ. ಸ್ವಾತಂತ್ರ್ಯದ ನಂತರ 1950ರ ದಶಕದಲ್ಲಿ, ಕಲ್ಲಿದ್ದಲು, ಉಕ್ಕು ದೇಶದ ಯಾವ ಮೂಲೆಯಲ್ಲೂ ಒಂದೇ ದರಕ್ಕೆ ಸಿಗುವಂತೆ ಸಾಗಣೆ ವೆಚ್ಚವನ್ನು ಸಮ ಮಾಡಿದರು. ಗಣಿಯಿದ್ದ ಕಡೆಯೇ ಕಾರ್ಖಾನೆ ಕಟ್ಟಬೇಕೆಂಬ ಅಗತ್ಯ ಹೋಯಿತು; ಕಾರ್ಖಾನೆಗಳು ಪಶ್ಚಿಮಕ್ಕೂ ದಕ್ಷಿಣಕ್ಕೂ ಬಂದವು. ಕೊನೆಗೆ 2000ದಲ್ಲಿ ಝಾರ್ಖಂಡ ಬೇರೆಯಾದಾಗ ಗಣಿಗಳೂ ಅತ್ತ ಹೋದವು. ಉತ್ತರ ಬಿಹಾರಕ್ಕೆ ಉಳಿದದ್ದು ಹೊಲ ಮತ್ತು ನೇಪಾಳದಿಂದ ಇಳಿಯುವ ನದಿಗಳ ಪ್ರವಾಹ.

ಅದರ ನಡುವೆಯೂ ಹೆಂಗಸರು ಸುಮ್ಮನೆ ಕೂತಿಲ್ಲ. ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಹೆಂಗಸರಿಗೆ ಎಂದು 2006ರಲ್ಲಿ ಮೊದಲು ಜಾರಿಗೆ ತಂದ ರಾಜ್ಯ ಬಿಹಾರ. ಮಗಳ ಬ್ಯಾಂಕಿನ ಮುಂದೆ ಬೆಳಿಗ್ಗೆಯೇ ಜೀವಿಕಾ ಸಂಘದ ಹೆಂಗಸರು ಪಾಸ್‌ಬುಕ್ಕು ಹಿಡಿದು ಕೂತಿರುತ್ತಿದ್ದರು, ಥೇಟ್ ನಮ್ಮ ಸ್ತ್ರೀಶಕ್ತಿ ಸಂಘದವರ ಹಾಗೆ. ಪಕ್ಕದ ಮಧುಬನಿಯ ಚಿತ್ರಕಲೆ ಹೊರಜಗತ್ತಿಗೆ ಬಂದ ಕಥೆಯೂ ಅಂಥದ್ದೇ. ಮದುವೆಮನೆಯ ಗೋಡೆಗೆ ಹೆಂಗಸರು ಬರೆಯುತ್ತಿದ್ದ ಚಿತ್ರಗಳು 1966-67ರ ಬರಗಾಲದಲ್ಲಿ ಹೊಟ್ಟೆಪಾಡಿಗಾಗಿ ಕಾಗದಕ್ಕೆ ಇಳಿದವು. ರಾಂಟಿ ಗ್ರಾಮದ ದುಲಾರಿ ದೇವಿ ಮೀನುಗಾರರ ಮನೆಯ ಹೆಣ್ಣು. ಚಿತ್ರಕಲಾವಿದೆಯರ ಮನೆಯಲ್ಲಿ ಕಸಮುಸುರೆ ಮಾಡುತ್ತ ಕುಂಚ ಹಿಡಿಯಲು ಕಲಿತವರು. 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮನೆಗೆಲಸದವಳಿಗೆ ಏನು ಗೊತ್ತು ಎನ್ನುವ ಮಾತು ನಮ್ಮ ಓಣಿಯಲ್ಲೂ ಇದೆಯಲ್ಲ, ಅದು ನನಗೆ ನೆನಪಾಯಿತು.

ಈಗ ಆ ಹುಡುಗನ ವಿಷಯ.

ರಜೆಗೆ ಮುಂಚೆ ತರಗತಿಯಲ್ಲಿ ಒಬ್ಬ ಹುಡುಗಿಯ ಕಂಪಾಸ್ ಬಾಕ್ಸು ಕಳೆದಿತ್ತು. ನಾನು ಯಾರನ್ನೂ ಕೇಳದೆ ನೇರವಾಗಿ ಕೊನೆಯ ಬೆಂಚಿಗೆ ಹೋಗಿ ಅವನ ಚೀಲವನ್ನು ಬೆಂಚಿನ ಮೇಲೆ ಸುರುವಿದೆ. ನಾಲ್ಕು ನೋಟುಬುಕ್ಕು, ಒಂದು ಊಟದ ಡಬ್ಬಿ ಬಿತ್ತು. ಬೇರೇನೂ ಇರಲಿಲ್ಲ. ಬೇರೆ ಯಾರ ಚೀಲವನ್ನೂ ನಾನು ನೋಡಲಿಲ್ಲ. ಮರುದಿನ ಆ ಹುಡುಗಿ ಬಾಕ್ಸು ಮನೆಯಲ್ಲೇ ಇತ್ತೆಂದಳು. “ಇನ್ನು ಮ್ಯಾಲೆ ಜ್ವಾಕಿ” ಎಂದು ಅವಳಿಗೆ ಹೇಳಿದೆ. ಅವನಿಗೆ ಏನೂ ಹೇಳಲಿಲ್ಲ.

ದರ್ಭಂಗಾದಲ್ಲಿ ಇಡ್ಲಿಯ ಒಂದು ಮಾತಿಗೆ ನನಗೆ ಮೈ ಉರಿದಿತ್ತು. ಇವನಿಗೆ ಏನಾಗಿರಬೇಕು ಎಂದು ಗಂಗಾಸಾಗರದ ಮೆಟ್ಟಿಲ ಮೇಲೆ ಕೂತಾಗ ಮೊದಲ ಸಲ ಯೋಚಿಸಿದೆ.

ರಜೆ ಮುಗಿದು ಶಾಲೆ ಸುರುವಾದ ದಿನ ತರಗತಿಯ ಎದುರಿಗೇ ಅವನನ್ನು ಕರೆದು, “ನಿಮ್ಮೂರು ಯಾವುದಪ್ಪಾ?” ಎಂದೆ. ಐದು ತಿಂಗಳಿಂದ ಕೇಳಿರದ ಪ್ರಶ್ನೆ. ಸಹರ್ಸಾ ಎಂದ. 2008ರಲ್ಲಿ ಕೋಸಿ ನದಿಯ ಒಡ್ಡು ಒಡೆದಾಗ ಅವರ ಹೊಲದ ಮೇಲೆ ಮರಳು ನಿಂತಿತಂತೆ. ಅವರಪ್ಪ ದುಡಿಯಲು ಊರು ಬಿಟ್ಟದ್ದು ಆಗ. “ಮನ್ಯಾಗ ಏನು ಮಾತಾಡ್ತೀರಿ?” “ಮೈಥಿಲಿ ರೀ.” ದಾಖಲೆಯ ಪುಸ್ತಕದಲ್ಲಿ ಅವನ ಮಾತೃಭಾಷೆ ಹಿಂದಿ ಎಂದಿತ್ತು. ಬರೆದ ಅಕ್ಷರ ನನ್ನದೇ.

ಕಂಪಾಸ್ ಬಾಕ್ಸಿನ ದಿನ ನಾನು ಮಾಡಿದ್ದು ತಪ್ಪು ಎಂದು ಎಲ್ಲರೆದುರು ಹೇಳಿದೆ. ಸರಾಗವಾಗಿ ಹೇಳಲು ಬರಲಿಲ್ಲ. ಅವನು ತಲೆ ತಗ್ಗಿಸಿ, “ಇರ್ಲಿ ಬಿಡ್ರಿ ಅಕ್ಕೋರ” ಎಂದ. ನಮ್ಮ ಗದುಗಿನ ಮಾತು, ಒಂದಿಷ್ಟೂ ಬೆರಕೆಯಿಲ್ಲದ್ದು.

ಆವತ್ತು ಪಠ್ಯಪುಸ್ತಕ ತೆಗೆಯಲಿಲ್ಲ. ನಾನ್ಯದೇವನ ಪಾಠ ಮಾಡಿದೆ. ಗಂಟೆ ಹೊಡೆದ ಮೇಲೆ ಅವನು ಮೇಜಿನ ಹತ್ತಿರ ಬಂದು ಕೇಳಿದ, “ಅಕ್ಕೋರ, ಆ ರಾಜಾ ನಿಮ್ಮಾಂವೋ, ನಮ್ಮಾಂವೋ?”

“ನಿಮ್ಮೂರಾಗ ಇದ್ದು ನಿಮ್ಮಾಂವ ಆದ” ಎಂದೆ.

ಅವನು ತಲೆಯಾಡಿಸಿ ಹೊರಗೆ ಓಡಿದ. ಹುಡುಗರು ಅಂಗಳದಲ್ಲಿ ಕಬಡ್ಡಿಗೆ ಗೆರೆ ಹಾಕುತ್ತಿದ್ದರು. ನಾನು ದಾಖಲೆ ಪುಸ್ತಕ ತಿದ್ದಿಸಲು ಹೆಡ್‌ಮಾಸ್ತರರ ಕೋಣೆಗೆ ಹೋದೆ.